ಏಳನೇ ವಾರದಲ್ಲಿ ಪ್ರೋಗ್ರಾಂ ಬಿಡಬೇಡಿ

ನಿನ್ನೆ ಬೆಳಿಗ್ಗೆ ಜಿಮ್‌ನಲ್ಲಿ ಒಬ್ಬ ಹುಡುಗಿ ಕೇಳಿದಳು, "ಅಕ್ಕಾ, ಈ ಪ್ರೋಗ್ರಾಂ ನಂಗೆ ಆಗಿ ಬರ್ತಿಲ್ಲ ಅನ್ಸುತ್ತೆ. ಬೇರೆ ಹಾಕ್ಕೊಳ್ಳಲಾ?" ಎಷ್ಟನೇ ವಾರ ಅಂದೆ. ಆರು ಮುಗೀತು ಅಂದಳು. ಅಲ್ಲೇ ಬೆಂಚಿನ ಮೇಲೆ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದೆ. ಅದನ್ನೇ ಇಲ್ಲೂ ಬರೆಯುತ್ತಿದ್ದೇನೆ, ಯಾಕೆಂದರೆ ಪ್ರೋಗ್ರಾಂ ಬದಲಿಸುತ್ತಾ ಹೋಗುವ ತಪ್ಪಿನಲ್ಲಿ ನನ್ನ ಎರಡು ವರ್ಷ ಹೋಗಿದೆ.

ಆಗ ನಾನು ಹೋಗುತ್ತಿದ್ದ ಜಿಮ್‌ನಲ್ಲಿ ತಿಂಗಳಿಗೊಂದು ಹೊಸ ಚಾರ್ಟ್ ಕೊಡುತ್ತಿದ್ದರು. "ಬಾಡೀಗೆ ಶಾಕ್ ಕೊಡ್ತಾ ಇರ್ಬೇಕು ಮೇಡಂ" ಅನ್ನುವುದು ಕಾರಣ. ಮರುದಿನ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋವು ಬಂದರೆ ವರ್ಕೌಟ್ ಚೆನ್ನಾಗಾಯಿತು ಅಂದುಕೊಳ್ಳುತ್ತಿದ್ದೆ. ಎಂಟನೇ ತಿಂಗಳಲ್ಲಿ ನನ್ನ ಸ್ಕ್ವಾಟ್ (ಹೆಗಲ ಮೇಲೆ ರಾಡ್ ಹೊತ್ತು ಕೂತು ಏಳುವುದು) 60 ಕೆಜಿಗೆ 5 ರೆಪ್ಸ್, ಅಂದರೆ ಒಂದೇ ಸಮನೆ ಐದು ಸಲ. ಎರಡು ವರ್ಷ ತುಂಬಿದಾಗಲೂ 60ಕ್ಕೆ 5. ಬೆವರಿಗೇನೂ ಕಡಿಮೆ ಇರಲಿಲ್ಲ, ಶಕ್ತಿ ಮಾತ್ರ ಇದ್ದಲ್ಲೇ ಇತ್ತು.

ಇಂಥ ವಾರಗಟ್ಟಲೆಯ ಪ್ರೋಗ್ರಾಂಗಳ ಹಿಂದಿರುವುದು ಪೀರಿಯಡೈಸೇಶನ್, ಅಂದರೆ ಅಭ್ಯಾಸವನ್ನು ಹಂತಗಳಾಗಿ ಕಟ್ಟುವುದು. ಸಾಮಾನ್ಯವಾಗಿ ಮೊದಲು ಹಗುರ ತೂಕ, ಹೆಚ್ಚು ರೆಪ್ಸ್. ಆಮೇಲೆ ತೂಕ ಏರುತ್ತದೆ, ರೆಪ್ಸ್ ಇಳಿಯುತ್ತದೆ. ಕೊನೆಗೆ ಅಭ್ಯಾಸ ಹಗುರ ಮಾಡಿ, ದಣಿವು ಇಳಿಸಿಕೊಂಡು, ಎಷ್ಟು ಎತ್ತಬಲ್ಲೆವು ಅಂತ ಪರೀಕ್ಷೆ. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಲೆವ್ ಮಟ್ವೇಯೆವ್ ಇದನ್ನು ಒಂದು ಸಿದ್ಧಾಂತವಾಗಿ ರೂಪಿಸಿದ್ದು ಸ್ಪರ್ಧೆಗಿಳಿಯುವ ಕ್ರೀಡಾಪಟುಗಳಿಗಾಗಿ. ಅವರಿಗೆ ಸ್ಪರ್ಧೆಯ ದಿನ ಮೊದಲೇ ಗೊತ್ತಿರುತ್ತದೆ. ಮೈಸೂರು ದಸರಾ ಕುಸ್ತಿಗೆ ಅಖಾಡಕ್ಕಿಳಿಯುವ ಪೈಲ್ವಾನನಿಗೂ ಗೊತ್ತಿರುತ್ತದೆ. ಬೆಳಿಗ್ಗೆ ಐದೂವರೆಗೆ ಜಿಮ್‌ಗೆ ಹೋಗಿ ಆಮೇಲೆ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಓಡುವ ನಮ್ಮಂಥವರಿಗೆ ಆ ದಿನ ಇಲ್ಲ. ಅದಕ್ಕೇ ಪ್ರೋಗ್ರಾಂ ಕೈಗೆ ಬಂದಾಗ ನಾನು ಮೊದಲು ಕೊನೆಯ ಪುಟ ನೋಡುತ್ತೇನೆ. ಅಳೆಯುವ ದಿನ ಯಾವುದು ಅಂತ ಬರೆದಿದೆಯಾ?

ಆಮೇಲೆ ನೋಡುವುದು, ತೂಕ ಯಾವಾಗ ಏರಿಸಬೇಕು, ಎಷ್ಟು ಏರಿಸಬೇಕು, ರೆಪ್ಸ್ ತಪ್ಪಿದರೆ ಏನು ಮಾಡಬೇಕು, ಡಿಲೋಡ್ (ದಣಿವು ಇಳಿಯಲು ಹಗುರ ಮಾಡುವುದು) ಯಾವ ವಾರ ಅಂತ. ಅಮೆರಿಕದ ಪವರ್‌ಲಿಫ್ಟರ್ ಜಿಮ್ ವೆಂಡ್ಲರ್ ಅವರ 5/3/1 ಅನ್ನುವ ಪ್ರೋಗ್ರಾಂ ನೋಡಿ. ನಾವು ಎತ್ತಬಲ್ಲ ಗರಿಷ್ಠ ತೂಕದ ಶೇ 90ನ್ನು ಮಾತ್ರ ಆಧಾರವಾಗಿ ಹಿಡಿದು ಅದರ ಮೇಲೆ ಲೆಕ್ಕ ಹಾಕುತ್ತಾರೆ, ಮೂರು ವಾರ ಏರಿಸಿ ನಾಲ್ಕನೇ ವಾರ ಇಳಿಸುತ್ತಾರೆ. ಇಷ್ಟು ಸ್ಪಷ್ಟವಾಗಿ ಹೇಳದ ಚಾರ್ಟ್ ಬರೀ ವ್ಯಾಯಾಮಗಳ ಪಟ್ಟಿ, ಪ್ರೋಗ್ರಾಂ ಅಲ್ಲ. (ಜಿಮ್‌ಗೆ ಹೊಸದಾಗಿ ಸೇರಿದವರಿಗೆ ಇದ್ಯಾವುದೂ ಬೇಡ. ಮೊದಲ ಕೆಲವು ತಿಂಗಳು ಪ್ರತಿ ಸಲ ಸ್ವಲ್ಪ ಸ್ವಲ್ಪ ಏರಿಸಿದರೆ ಸಾಕು.)

ಪ್ರೋಗ್ರಾಂ ನಿಮ್ಮ ಜಿಮ್‌ಗೆ ಹೊಂದುತ್ತದಾ ಅಂತಲೂ ನೋಡಿ. ನನ್ನದರಲ್ಲಿ ವಾರಕ್ಕೆ 2.5 ಕೆಜಿ ಏರಿಸಿ ಅಂತಿತ್ತು. ಜಿಮ್‌ನಲ್ಲಿದ್ದ ಅತಿ ಸಣ್ಣ ಪ್ಲೇಟೇ 2.5 ಕೆಜಿಯದು, ಎರಡೂ ಕಡೆ ಹಾಕಿದರೆ 5 ಆಯಿತಲ್ಲ! 1.25 ಕೆಜಿಯ ಒಂದು ಜೊತೆ ಕೊಂಡೆ, ಈಗಲೂ ಬ್ಯಾಗಿನಲ್ಲಿ ಹೊತ್ತುಕೊಂಡೇ ಹೋಗುತ್ತೇನೆ. ರಾಡನ್ನೂ ಒಮ್ಮೆ ತೂಕ ಮಾಡಿ. 20 ಕೆಜಿ ಅಂತ ನಂಬಿದ್ದು 17 ಇತ್ತು.

ಈಗ ಏಳನೇ ವಾರದ ಮಾತು. ನಾನು ಮೊದಲ ಸಲ 12 ವಾರದ ಪ್ರೋಗ್ರಾಂ ಹಿಡಿದಾಗ ಮೊದಲ ನಾಲ್ಕು ವಾರ 45ರಿಂದ 52.5 ಕೆಜಿ, 8 ರೆಪ್ಸ್. ಖುಷಿಯಾಗಿ ಆಯಿತು. ಏಳನೇ ವಾರ 60 ಕೆಜಿಯಲ್ಲಿ ಐದೈದು ರೆಪ್ಸಿನ ಸೆಟ್‌ಗಳು (ಸೆಟ್ ಅಂದರೆ ವಿಶ್ರಾಂತಿಗೆ ನಿಲ್ಲುವ ಮೊದಲು ಮಾಡುವ ಒಂದು ಸುತ್ತು). ಮೂರನೇ ಸೆಟ್‌ನ ನಾಲ್ಕನೇ ರೆಪ್‌ನಲ್ಲಿ ಅರ್ಧಕ್ಕೆ ಬಂದವಳು ಅಲ್ಲೇ ನಿಂತುಬಿಟ್ಟೆ, ಮೇಲೂ ಇಲ್ಲ ಕೆಳಗೂ ಇಲ್ಲ. ಹೇಗೋ ಎದ್ದು ರ‍್ಯಾಕ್‌ಗೆ ಇಟ್ಟಾಗ ಕಣ್ಣಲ್ಲಿ ನೀರು. ಎರಡು ವರ್ಷದಿಂದ ಎತ್ತುತ್ತಿದ್ದ ತೂಕವೂ ಕೈ ಬಿಟ್ಟಿತಲ್ಲ ಅನ್ನಿಸಿತು. ಅವತ್ತು ಬಿಡಬೇಡ ಎಂದು ಹೇಳುವವರು ಸಿಕ್ಕಿದ್ದರಿಂದ ಉಳಿದೆ. ಅಷ್ಟು ವಾರಗಳ ದಣಿವು ಮೈಯಲ್ಲಿ ಕೂತಾಗ ಬೆಳೆದ ಶಕ್ತಿ ಹೊರಗೆ ಕಾಣುವುದಿಲ್ಲ. ದಣಿವು ಇಳಿದ ಮೇಲೇ ಅದು ಕಾಣುವುದು. ಹನ್ನೆರಡನೇ ವಾರ ಹಗುರ ಮಾಡಿ, ಮುಂದಿನ ಸೋಮವಾರ 67.5 ಕೆಜಿ ಹಾಕಿ ಇಳಿದೆ. ಐದು ರೆಪ್ಸ್!

ಒಂದೇ ರೆಪ್‌ನ ಗರಿಷ್ಠ ತೂಕ ಎತ್ತಿಯೇ ನೋಡಬೇಕೆಂದಿಲ್ಲ. ಎಪ್ಲಿ ಸೂತ್ರ ಇದೆ: ರೆಪ್ಸನ್ನು 30ರಿಂದ ಭಾಗಿಸಿ, 1 ಕೂಡಿಸಿ, ತೂಕದಿಂದ ಗುಣಿಸಿ. ನನ್ನದು 70ರಿಂದ 78.75ಕ್ಕೆ ಏರಿತ್ತು. ಅದೇ ರಾಡ್, ಅದೇ ಆಳ ಇದ್ದರೆ ಮಾತ್ರ ಈ ಹೋಲಿಕೆಗೆ ಅರ್ಥ. ಪಕ್ಕದಿಂದ ವಿಡಿಯೋ ಮಾಡಿಸಿಕೊಳ್ಳಿ. ಏರದಿದ್ದರೆ ಪ್ರೋಗ್ರಾಂ ಬೈಯುವ ಮೊದಲು ನೋಟ್‌ಬುಕ್ ತೆಗೆದು ದಿನಗಳನ್ನು ಎಣಿಸಿ. ವಾರಕ್ಕೆ ಮೂರರಂತೆ 36 ದಿನದಲ್ಲಿ ನಾನು 33 ದಿನ ಹೋಗಿದ್ದೆ. 20 ದಿನ ಹೋದವರಿಗೆ ಆ ಪ್ರೋಗ್ರಾಂ ಬಗ್ಗೆ ತೀರ್ಪು ಕೊಡುವ ಹಕ್ಕಿಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಆ ಹುಡುಗಿಯ ನೋಟ್‌ಬುಕ್ಕನ್ನೂ ತೆಗೆಸಿ ನೋಡಿದೆ. 18 ದಿನದಲ್ಲಿ 17 ದಿನ ಬಂದಿದ್ದಾಳೆ. ಸೋಮವಾರ ಅವಳಿಗೆ 50 ಕೆಜಿ, 5 ರೆಪ್ಸ್, 4 ಸೆಟ್. ಹಿಂದೆ ನಾನು ನಿಂತಿರುತ್ತೇನೆ.