ಹಕ್ಕಿ ಬರದಿದ್ರೂ ಲೈಕ್ ಬಂತಲ್ಲ
ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ, 2010ರಿಂದ ನಡೀತಿದೆ. ಆ ದಿನ ಬಂತಂದ್ರೆ ಎಲ್ಲರಿಗೂ ಒಂದೇ ಸಲ ಪಕ್ಷಿಪ್ರೇಮ ಉಕ್ಕತ್ತೆ, ಕೈಗೊಂದು ಗೂಡಿನ ಬಾಕ್ಸ್ ಕೊಡ್ತಾರೆ, ಒಂಚೂರು ಮೇಲೆತ್ತಿ ಸಾರ್ ಲೋಗೋ ಕಾಣ್ತಿಲ್ಲ ಅಂತಾರೆ, ಕ್ಲಿಕ್, ಮುಗೀತು. ಅಷ್ಟೊತ್ತಿಗಾಗ್ಲೇ ಎಷ್ಟೋ ಹಕ್ಕಿಗಳು ಜಾಗ ಹುಡುಕಿಕೊಂಡು ಗೂಡಿನ ಕೆಲಸ ಶುರು ಮಾಡಿರ್ತವೆ. ಬಾಕ್ಸನ್ನ ಚಳಿಗಾಲದಲ್ಲೇ ಕಟ್ಟಿಡ್ಬೇಕು ಅನ್ನೋದು ಗೊತ್ತಿರೋ ವಿಷ್ಯಾನೇ, ಆದ್ರೆ ಚಳಿಗಾಲದಲ್ಲಿ ಯಾವ ದಿನಾಚರಣೆ ಇದೆ ಹೇಳಿ?

ಬಾಕ್ಸ್ ನೋಡಬೇಕು ನೀವು. ಕೆಂಪು ಚಾವಣಿ, ಗೋಡೆ ಮೇಲೆ ಹೂವಿನ ಚಿತ್ರ, ಒಳಗೂ ಹೊರಗೂ ಮಿರಮಿರ ವಾರ್ನಿಶ್. ಮರಿ ಹಕ್ಕಿ ಹೊರಗೆ ಬರಬೇಕಾದ್ರೆ ಒಳಗಿನ ಗೋಡೆಗೆ ಉಗುರು ಸಿಗಿಸ್ಕೊಂಡು ಹತ್ತಬೇಕು, ಅದಕ್ಕೆ ಒರಟು ಹಲಗೆ ಬೇಕು, ಇಲ್ಲಿ ಜಾರುಬಂಡೆ. ತೂತಿನ ಅಳತೆ ಅಂತೂ ಕೇಳ್ಲೇಬೇಡಿ. ಟಿಟ್ ಅನ್ನೋ ಪುಟ್ಟ ಹಕ್ಕಿಗಳಲ್ಲಿ ಬ್ಲೂ ಟಿಟ್‌ಗೆ 25 ಮಿಲಿಮೀಟರ್, ಗ್ರೇಟ್ ಟಿಟ್‌ಗೆ 28, ಗುಬ್ಬಚ್ಚಿಗೆ 32 ಸಾಕು, ಇವರು ಕೊರೆದಿರೋ ತೂತಲ್ಲಿ ದೊಡ್ಡ ಹಕ್ಕಿ ಸಂಸಾರ ಸಮೇತ ನುಗ್ಗಬಹುದು. ಅದರ ಕೆಳಗೆ ಮುದ್ದಾಗಿ ಒಂದು ಕಡ್ಡಿ ಬೇರೆ. ಪೊಟರೆಯಲ್ಲಿ ಗೂಡು ಮಾಡೋ ಹಕ್ಕಿಗೆ ಕೂರೋಕೆ ಕಡ್ಡಿ ಬೇಡ ಕಣ್ರೀ, ಅದು ನೇರ ತೂತಿಗೇ ಬಂದು ಕಚ್ಚಿಕೊಳ್ಳತ್ತೆ. ಕಡ್ಡಿ ಅನುಕೂಲ ಆಗೋದು ಮೊಟ್ಟೆ ಕದಿಯೋಕೆ ಬರೋರಿಗೆ, ಆರಾಮಾಗಿ ನಿಂತು ಕತ್ತು ಒಳಗೆ ಹಾಕಬಹುದು. ನೀರು ಇಳಿಯೋಕೆ ತಳದಲ್ಲಿ ಸಣ್ಣ ತೂತಿಲ್ಲ, ಹಳೇ ಗೂಡು ತೆಗೆದು ಕ್ಲೀನ್ ಮಾಡೋಕೆ ತೆರೆಯೋ ಮುಚ್ಚಳ ಇಲ್ಲ, ಆದ್ರೆ ಪ್ರಾಯೋಜಕರ ಹೆಸರು ಮಾತ್ರ ಮೂರು ಕಡೆ ಇದೆ.

ನೇತು ಹಾಕೋದೂ ಹಾಗೇ. ಮಧ್ಯಾಹ್ನದ ಬಿಸಿಲು ನೇರ ಬೀಳದ ಕಡೆ, ಎರಡರಿಂದ ನಾಲ್ಕು ಮೀಟರ್ ಎತ್ತರದಲ್ಲಿ, ಬೆಕ್ಕಿಗೆ ಎಟುಕದ ಹಾಗೆ ಹಾಕಬೇಕು. ಇವರು ಗೇಟಿನ ಪಕ್ಕ ಬಿಸಿಲಿಗೆ ಹಾಕ್ತಾರೆ, ಯಾಕಂದ್ರೆ ಅಲ್ಲಿ ಲೈಟಿಂಗ್ ಚೆನ್ನಾಗಿದೆ. ಒಂದೇ ಮರಕ್ಕೆ ಸಾಲಾಗಿ ಬಾಕ್ಸ್ ಹೊಡೆದು ಅಪಾರ್ಟ್‌ಮೆಂಟ್ ಮಾಡೋರೂ ಇದ್ದಾರೆ. ಗುಬ್ಬಚ್ಚಿ ಆದ್ರೆ ಗುಂಪಲ್ಲಿ ಹೇಗೋ ಹೊಂದ್ಕೊಂಡು ಹೋಗತ್ತೆ, ಟಿಟ್ ಹಕ್ಕಿಗೆ ಪಕ್ಕದ ಮನೇಲಿ ತನ್ನ ಜಾತಿಯವರೇ ಇದ್ರೆ ಆಗಲ್ಲ, ಜಗಳಕ್ಕೆ ನಿಲ್ಲತ್ತೆ.

ಇಷ್ಟಾದ್ರೂ ನಕ್ಕು ಬಿಡಬಹುದಿತ್ತು. ಆದ್ರೆ ಇದೇ ಜನ ಸ್ವಲ್ಪ ದಿನ ಮುಂಚೆ ಬಾಕ್ಸ್ ಹಾಕಿರೋ ತೋಟದ ಒಣಮರಾನ ಅಂದಗೆಡತ್ತೆ ಅಂತ ಕಡಿಸಿ ಸಾಗಿಸಿದ್ರಲ್ಲ, ಅದನ್ನ ಏನಂತೀರಿ? ಒಣಮರದಲ್ಲಿ ಮರಕುಟಿಗ ಟೆಂಡರ್ ಇಲ್ದೆ, ಬಿಲ್ ಇಲ್ದೆ, ಸರಿಯಾದ ಅಳತೆಗೆ ಪೊಟರೆ ಕೊರೆಯತ್ತೆ, ಅದು ಬಿಟ್ಟುಹೋದ ಮೇಲೆ ತಾವೇ ಕೊರೆಯೋಕೆ ಬರದ ಸಣ್ಣ ಹಕ್ಕಿಗಳು ಬಂದು ಸೇರ್ಕೊಳ್ತವೆ. ಕಡಿದ ಜಾಗದಲ್ಲಿ ಈಗ ಬಾಕ್ಸ್ ಇದೆ, ಪರಿಸರ ಸಂರಕ್ಷಣೆ ಅಂತ ಬೋರ್ಡೂ ಇದೆ.

ಬುಲ್‌ಬುಲ್ ಯಾಕೆ ಬಾಕ್ಸ್‌ಗೆ ಬರ್ತಿಲ್ಲ ಅಂತ ಒಬ್ರು ಬೇಜಾರಾಗಿ ಕೇಳ್ತಿದ್ರು. ಎಲ್ಲಿಂದ ಬರತ್ತೆ, ಅದು ಪೊದೆ ಒಳಗೆ ಬಟ್ಟಲಿನಂಥ ಗೂಡು ಕಟ್ಟೋ ಹಕ್ಕಿ, ಪೊದೆನ ಇವರು ಗೂಡು ಕಟ್ಟೋ ಟೈಮಲ್ಲೇ ಮಿಷಿನ್ ಬಿಟ್ಟು ನುಣ್ಣಗೆ ಬೋಳಿಸಿದ್ದಾರೆ. ಇನ್ನು ಊಟ. ಕಾಳು ತಿನ್ನೋ ಗುಬ್ಬಚ್ಚಿ ಕೂಡ ಮರಿಗೆ ಹುಳ ತಂದೇ ಸಾಕೋದು, ಬೆಳೆಯೋ ಬ್ಲೂ ಟಿಟ್ ಮರಿ ಒಂದಕ್ಕೇ ದಿನಕ್ಕೆ ಸುಮಾರು 100 ಕಂಬಳಿಹುಳ ಬೇಕು. ಆದ್ರೆ ತೋಟದಲ್ಲಿ ಒಂದು ಹುಳ ಕಂಡ್ರೂ ಅದೇ ಪಕ್ಷಿಪ್ರೇಮಿಗಳು ಸ್ಪ್ರೇ ಹಿಡ್ಕೊಂಡು ಓಡಿ ಬರ್ತಾರೆ. ಮನೆ ಫ್ರೀ, ಅಡುಗೆಮನೆಗೆ ಮಾತ್ರ ವಿಷ.

ಬಾಕ್ಸ್‌ಗಳೆಲ್ಲ ಖಾಲಿ ಅಂತ ಕೊನೆಗೆ ಮೀಟಿಂಗ್ ಆಯ್ತು. ಒಂದರಲ್ಲಿ ಕಣಜ ಗೂಡು ಕಟ್ಟಿದೆ ಅಂದಿದ್ದಕ್ಕೆ, ಫಲಾನುಭವಿಗಳ ಪಟ್ಟೀಲಿ ಬರ್ಕೊಳ್ಳಿ ಅಂದ್ರು. ಆಮೇಲೆ ತುಂಬಾ ಹೊತ್ತು ಚರ್ಚೆ ಮಾಡಿ, ಬಾಕ್ಸ್ ಸಂಖ್ಯೆ ಕಮ್ಮಿ ಆಗಿದ್ದೇ ಕಾರಣ ಅಂತ ಒಪ್ಕೊಂಡು ಡಬಲ್ ಮಾಡೋದು ಅಂತ ತೀರ್ಮಾನ ಆಯ್ತು. ಹಾಕೋಕೆ ಜಾಗ ಎಲ್ಲಿ ಸಾರ್ ಅಂತ ಯಾರೋ ಹಿಂದಿನಿಂದ ಕೇಳಿದ್ರು. ಉಳಿದಿರೋ ಆ ಪೊದೆನೂ ತೆಗೆಸಿಬಿಟ್ರೆ ಸಾಲಾಗಿ ಕಂಬ ನೆಡಬಹುದಲ್ಲ ಅಂದ್ರು, ಚಪ್ಪಾಳೆ ಬಿತ್ತು.