ಹಾಡಿಗೆ ಮೊದಲು ಒಂದು ಸಣ್ಣ ವಿರಾಮ

ಬೆಂಗಳೂರು ದೂರದರ್ಶನವು 1981ರಲ್ಲಿಯೇ ಆರಂಭವಾಯಿತಾದರೂ ಅದರ ಹಾಡುಗಳು ತುಮಕೂರಿನ ನಮ್ಮ ಮನೆಯನ್ನು ತಲುಪಲು ಇನ್ನೂ ಕೆಲವು ವರ್ಷಗಳು ಹಿಡಿದವು. ತಲುಪಿದ ಮೇಲೂ ಇಡಿಯಾಗಿ ತಲುಪಿದವೆಂದು ಪ್ರಮಾಣ ಮಾಡಿ ಹೇಳಲಾರೆ. ವಾರಕ್ಕೊಮ್ಮೆ ಬರುತ್ತಿದ್ದ ಚಿತ್ರಮಂಜರಿಯಲ್ಲಿ ನಾಲ್ಕಾರು ಚಿತ್ರಗೀತೆಗಳಿಗಷ್ಟೇ ಜಾಗವಿರುತ್ತಿತ್ತು. ಅವುಗಳಲ್ಲಿ ಒಂದು ಕರೆಂಟಿಗೆ ಮೀಸಲು, ಇನ್ನೊಂದು ಕಾಗೆಗೆ. ಕರೆಂಟಿನ ಕಥೆ ಎಲ್ಲರಿಗೂ ತಿಳಿದದ್ದೇ. ಕಾಗೆ ಬಂದು ಆಂಟೆನಾದ ಮೇಲೆ ಕುಳಿತಿತೆಂದರೆ ಪರದೆಯ ಮೇಲೆ ನಾಯಕನ ಪಕ್ಕದಲ್ಲಿ ನೆರಳಿನಂತಹ ಮತ್ತೊಬ್ಬ ನಾಯಕ ಹುಟ್ಟಿಕೊಳ್ಳುತ್ತಿದ್ದನು. ಯಾರ ಕೈ ಹಿಡಿಯಬೇಕೆಂದು ತೋಚದೆ ನಾಯಕಿ ಮರ ಸುತ್ತುತ್ತಿದ್ದಳು.

ಆಗ ಸೋದರಮಾವ ತಾರಸಿಗೆ ಓಡುತ್ತಿದ್ದರು. ಅವರು ಪೈಪು ತಿರುಗಿಸುವುದು, ನಡುಮನೆಯಲ್ಲಿ ಕುಳಿತ ಅಜ್ಜಿ ಚಿತ್ರ ನೋಡಿ ವರದಿ ಕೊಡುವುದು, ಮೆಟ್ಟಿಲಿನ ಮೇಲೆ ನಿಂತ ನಾನು ಆ ವರದಿಯನ್ನು ಮೇಲಕ್ಕೆ ಕೂಗಿ ಮುಟ್ಟಿಸುವುದು, ಹೀಗೆ ವ್ಯವಸ್ಥೆಯೇನೋ ಅಚ್ಚುಕಟ್ಟಾಗಿತ್ತು. ಆದರೆ ಅಜ್ಜಿಯ "ಬಂತು ಕಣೋ" ಎಂಬ ಮಾತು ತಾರಸಿ ಮುಟ್ಟುವಷ್ಟರಲ್ಲಿ ಮಾವ ಪೈಪನ್ನು ಮತ್ತೂ ಒಂದು ಗೇಣು ತಿರುಗಿಸಿರುತ್ತಿದ್ದರು. ಹೀಗಾಗಿ ಆ ಕಾಲದ ಚಿತ್ರಗೀತೆಗಳನ್ನೆಲ್ಲ ಮಾವ ಕಿವಿಯಿಂದ ಬಲ್ಲರೇ ಹೊರತು ಕಣ್ಣಿನಿಂದಲ್ಲ.

ಶಾಸ್ತ್ರೀಯ ಸಂಗೀತದ ಪಾಡು ಬೇರೆ. ಅದನ್ನು ಬಹುಮಟ್ಟಿಗೆ ಮನೆಮಂದಿ ನಿದ್ದೆಗೆ ಜಾರುವ ಹೊತ್ತಿಗೆ ಇಡಲಾಗುತ್ತಿತ್ತು. ಹಗಲಿನಲ್ಲಿ ಎಡೆಬಿಡದೆ ಕೇಳಿಸಿತೆಂದರೆ ದೇಶದ ದೊಡ್ಡ ನಾಯಕರು ಯಾರೋ ತೀರಿಕೊಂಡಿರುತ್ತಿದ್ದರು. 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯಾದಾಗ ಕೇಳಿಬಂದ ವಾದ್ಯಗಳ ದನಿ ಅಜ್ಜಿಯ ಮನಸ್ಸಿನಲ್ಲಿ ಎಷ್ಟು ಆಳವಾಗಿ ಕುಳಿತಿತ್ತೆಂದರೆ, ಮುಂದೊಂದು ಹಬ್ಬದ ಬೆಳಗ್ಗೆ ಯಾರೋ ವಿದ್ವಾಂಸರು ಸಾರಂಗಿ ನುಡಿಸತೊಡಗಿದ ಕೂಡಲೇ "ಅಯ್ಯೋ, ಯಾರು ಹೋದರಪ್ಪಾ?" ಎಂದವರೇ ಒಲೆಯ ಮೇಲಿನ ಪಾಯಸವನ್ನು ಕೆಳಗಿಳಿಸಿಬಿಟ್ಟರು. ವಿದ್ವಾಂಸರು ನುಡಿಸಿ ಮುಗಿಸಿ, ನಗುತ್ತ ಕೈಮುಗಿಯುವವರೆಗೂ ಪಾಯಸ ಒಲೆ ಏರಲಿಲ್ಲ.

1994ರಲ್ಲಿ ಉದಯ ಟಿವಿ ಬಂದಿತು, ಕೇಬಲ್ಲಿನವರು ಬಂದರು, ಹಾಡುಗಳಿಗೆ ಬರವೆಂಬುದೇ ಇಲ್ಲದಾಯಿತು. ಬರ ನೀಗಿದ ಮೇಲೆ ಮಾತು ಶುರುವಾಯಿತು. ವೀಕ್ಷಕರು ಫೋನ್ ಮಾಡಿ ಹಾಡು ಕೇಳುವ ಕಾರ್ಯಕ್ರಮಗಳಲ್ಲಿ ನಿರೂಪಕಿಯರು ಊಟವಾಯಿತೇ ಎಂದು ವಿಚಾರಿಸಿ, ಸಾರು ಯಾವುದೆಂದು ತಿಳಿದುಕೊಂಡು, ಆಮೇಲಷ್ಟೇ ಹಾಡಿನ ಪ್ರಸ್ತಾಪಕ್ಕೆ ಬರುತ್ತಿದ್ದರು. ನಮ್ಮ ಚಿಕ್ಕಮ್ಮನಿಗೆ ಒಂದು ಚಾನೆಲ್ಲಿನ ಲೈನು ಕೊನೆಗೂ ಸಿಕ್ಕಿದ ದಿನ, ಎದುರಿಗಿದ್ದ ಟಿವಿಯಿಂದ ತಮ್ಮದೇ ದನಿ ತಡವಾಗಿ ಬರುವುದನ್ನು ಕೇಳಿ, ಇನ್ನಾರೋ ನಡುವೆ ಬಾಯಿ ಹಾಕುತ್ತಿದ್ದಾರೆಂದು ಭಾವಿಸಿ, "ಸ್ವಲ್ಪ ಸುಮ್ಮನಿರ್ರೀ, ನಾನು ಮಾತಾಡ್ತಿದ್ದೀನಿ" ಎಂದು ಗದರಿಸಿದರು. ಆ ಗದರಿಕೆಯೂ ಕ್ಷಣದ ನಂತರ ಅವರಿಗೇ ವಾಪಸು ಬಂದಿತು. ಟಿವಿಯ ವಾಲ್ಯೂಮ್ ತಗ್ಗಿಸಿ ಎಂದು ನಿರೂಪಕಿ ಬೇಡಿಕೊಂಡ ಮೇಲೆ ಚಿಕ್ಕಮ್ಮ ಹಾಡನ್ನು ಅರ್ಪಿಸಬೇಕಾದ ನೆಂಟರ ಪಟ್ಟಿಯನ್ನು ಲಗ್ನಪತ್ರಿಕೆಯಂತೆ ಹಿರಿತನದ ಕ್ರಮದಲ್ಲಿ ಒಪ್ಪಿಸಿದರು. ಕೇಳಿದ ಹಾಡು ಇರಲಿಲ್ಲವಾದ್ದರಿಂದ ಬೇರೆ ಯಾವುದೋ ವಿರಹಗೀತೆ ಬಂದಿತು. ಅದನ್ನಾದರೂ ಸಹಿಸಬಹುದಿತ್ತು, ಪಟ್ಟಿಯಲ್ಲಿ ಓರಗಿತ್ತಿಯ ಹೆಸರಿಲ್ಲದಿರುವುದನ್ನು ಸ್ವತಃ ಓರಗಿತ್ತಿಯೇ ತಮ್ಮ ಮನೆಯಲ್ಲಿ ಕುಳಿತು ನೋಡಿದ್ದರಿಂದ ಎರಡು ಮನೆಗಳ ನಡುವೆ ಆ ವರ್ಷದ ಗೌರಿ ಬಾಗಿನದ ಓಡಾಟವೇ ನಿಂತುಹೋಯಿತು.

ಮಾತನ್ನೆಲ್ಲ ದೂರುವುದೂ ನ್ಯಾಯವಲ್ಲ. ಈಟಿವಿ ಕನ್ನಡದ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಆಡುತ್ತಿದ್ದ ಮಾತು ಹಾಡಿನೊಳಗಿನಿಂದಲೇ ಬರುತ್ತಿತ್ತು: ಮಗುವೊಂದು ಎಡವಿದ ಸ್ವರವನ್ನು ತಾವೇ ಹಾಡಿ ತೋರಿಸುವರು, ಬರೆದವರನ್ನೂ ರಾಗ ಹಾಕಿದವರನ್ನೂ ನೆನೆಯುವರು. ಅಂತಹ ಮಾತಿಗೆ ನಮ್ಮ ಮನೆಯಲ್ಲಿ ಕುಕ್ಕರಿನ ಸೀಟಿಯನ್ನೂ ಮುಂದೂಡಲಾಗುತ್ತಿತ್ತು. ಈಗಿನ ಸ್ಪರ್ಧೆಗಳಲ್ಲಿ ಹಾಡಿಗಿಂತ ಮೊದಲು ಸ್ಪರ್ಧಿಯ ಊರು, ಸೋರುವ ಮಾಡು ಮತ್ತು ತಾಯಿಯ ಕಣ್ಣೀರು ಪಿಟೀಲಿನೊಂದಿಗೆ ಬರುತ್ತವೆ. ಹಾಡಿನ ನಡುವೆ ತೀರ್ಪುಗಾರರ ಹುಬ್ಬು ಬರುತ್ತದೆ. ಚರಣ ಮುಗಿಯುವಷ್ಟರಲ್ಲಿ ವಿರಾಮ. ಹುಡುಗರು ನಿಜಕ್ಕೂ ಚೆನ್ನಾಗಿ ಹಾಡುತ್ತಾರೆ, ಹಿಂದಿನವರಿಗಿಂತ ತಯಾರಿಯೂ ಹೆಚ್ಚು. ಸಂಕಟವೆಂದರೆ ಅದನ್ನು ಕೇಳಲು ನಮಗೆ ಬಿಡುವು ಕೊಡುವುದಿಲ್ಲ.

ಇದರಿಂದ ರೋಸಿಹೋದ ತಂದೆಯವರಿಗೆ ನಾನು ಮಾತು ಕೇಳುವ ರಿಮೋಟ್ ಇರುವ ಸ್ಮಾರ್ಟ್ ಟಿವಿಯನ್ನು ತಂದುಕೊಟ್ಟೆ. ಅವರು ಗಂಟಲು ಸರಿಮಾಡಿಕೊಂಡು "ಮಲ್ಲಿಕಾರ್ಜುನ ಮನ್ಸೂರ" ಎಂದು ಗೌರವಪೂರ್ವಕವಾಗಿ ಉಚ್ಚರಿಸಿದರು. ಯಂತ್ರವು ಕೊಂಚ ಯೋಚಿಸಿ ಮೈಸೂರು ಮಸಾಲೆ ದೋಸೆ ಮಾಡುವ ವಿಧಾನವನ್ನು ತೋರಿಸಿತು. ಬದಲಾಯಿಸಲು ಹೋದ ನನ್ನನ್ನು ತಂದೆಯವರು ಕೈಸನ್ನೆಯಿಂದ ತಡೆದರು. ದೋಸೆಯ ಹಿನ್ನೆಲೆಯಲ್ಲಿ ಯಾರೋ ಕೊಳಲಿನಲ್ಲಿ ಹಂಸಧ್ವನಿ ನುಡಿಸುತ್ತಿದ್ದರು, ಹೆಂಚಿನ ಮುಂದಿದ್ದ ಮಹಿಳೆಯೋ ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ಮಾತನ್ನೂ ಆಡಲಿಲ್ಲ.