ಭೂತದ ಮುಖದ ಹಡಗೂ ಅಳತೆ ಬರೆದ ಹಡಗೂ

ಜಪಾನಿಗೆ 1853ರಲ್ಲಿ ಬಂದಿಳಿದ ಅಮೆರಿಕದ ಯುದ್ಧನೌಕೆಗಳಿಗೆ ಅಲ್ಲಿನವರು ಇಟ್ಟ ಹೆಸರು 'ಕಪ್ಪು ಹಡಗು'. ಆ ಹೆಸರು ಅಂದ ಕೂಡಲೇ ಎಲ್ಲರೂ ಹಂಚಿಕೊಳ್ಳುವುದು ಒಂದೇ ಚಿತ್ರ. ಹಡಗಿಗೆ ರಾಕ್ಷಸನ ಮುಖ, ಕೆಕ್ಕರಿಸಿ ನೋಡುವ ಕಣ್ಣು, ಮೇಲೆ ಕರ್ರಗಿನ ಹೊಗೆ. ಜೊತೆಗೊಂದು ಸಾಲು: 'ಪಾಪ, ಎಷ್ಟು ಹೆದರಿದ್ರು ನೋಡಿ!' ಜಪಾನೀಯರು ಹೆದರಿದ್ದರು, ನಿಜ. ಆದರೆ ಹೆದರಿಕೊಂಡೇ ಆ ಹಡಗುಗಳ ಚಿತ್ರ ಬರೆದು ಅಳತೆಯನ್ನೂ ತೆಗೆದುಕೊಳ್ಳುತ್ತಿದ್ದರು. ಆ ಚಿತ್ರಗಳನ್ನು ಮಾತ್ರ ಯಾರೂ ಹಂಚುವುದಿಲ್ಲ.

1853ರ ಜುಲೈ 8ರಂದು ಅಮೆರಿಕದ ಕಮೊಡೋರ್ (ನೌಕಾಪಡೆಯ ಹಿರಿಯ ಅಧಿಕಾರಿ) ಪೆರಿ ಎಡೊ ಕೊಲ್ಲಿಯ ಬಾಯಲ್ಲಿರುವ ಉರಗಾದ ಮುಂದೆ ನಾಲ್ಕು ಯುದ್ಧನೌಕೆ ತಂದು ನಿಲ್ಲಿಸಿದ. ಎಡೊ ಅಂದರೆ ಈಗಿನ ಟೋಕಿಯೊ. ನಾಲ್ಕರಲ್ಲಿ ಸಸ್ಕ್ವೆಹಾನಾ, ಮಿಸಿಸಿಪ್ಪಿ ಎರಡೂ ಉಗಿಹಡಗು. ಉಳಿದೆರಡು ಬರೀ ಹಾಯಿಯವು. 'ಕುರೊಫುನೆ' ಅಂದರೆ ಕಪ್ಪು ಹಡಗು. ಆ ಹೆಸರೇನೂ ಆಗ ಹುಟ್ಟಿದ್ದಲ್ಲ. ಹದಿನಾರನೇ ಶತಮಾನದಲ್ಲೇ ಪೋರ್ಚುಗೀಸರ ಹಡಗುಗಳನ್ನು ಹಾಗೆ ಕರೆಯುತ್ತಿದ್ದರು. (ಅವು ಹೊರಡುತ್ತಿದ್ದದ್ದು ನಮ್ಮ ಪಕ್ಕದ ಗೋವಾದಿಂದ!)

ಜಪಾನೀಯರು ಅಳತೆ ಸಮೇತ ಬರೆದ ಈ ಚಿತ್ರಗಳನ್ನು ಸುಮ್ನೆ 'ಜಲವರ್ಣ' ಅಂದುಬಿಡುತ್ತೇವೆ. ನಾವು ಶಾಲೆಯಲ್ಲಿ ಬಳಿದ ವಾಟರ್ ಕಲರ್ ಅಲ್ಲ ಇದು. ಕಾಗದದ ಮೇಲೆ ಮಸಿಯ ಗೆರೆ, ಅದರ ಮೇಲೆ ಪ್ರಾಣಿಗಳ ಚರ್ಮ ಕುದಿಸಿ ತೆಗೆದ ಅಂಟಿನಲ್ಲಿ ಕಲಸಿದ ಬಣ್ಣ. ಬಿಳಿಗೆ ಸಿಂಪಿ ಚಿಪ್ಪಿನ ಪುಡಿ. ಇಷ್ಟಗಲದ ಕಾಗದಗಳನ್ನು ಒಂದಕ್ಕೊಂದು ಅಂಟಿಸಿ ಸುರುಳಿ ಮಾಡುತ್ತಿದ್ದರು. ಹಡಗಿನ ಪಕ್ಕದಲ್ಲೇ ಬರಹ: ಉದ್ದ ಇಷ್ಟು ಕೆನ್ (ಒಂದು ಕೆನ್ ಸುಮಾರು 1.8 ಮೀಟರ್), ಫಿರಂಗಿ ಇಷ್ಟು, ಜನ ಇಷ್ಟು. ಕೊಲ್ಲಿ ಕಾಯುವ ಹೊಣೆ ಹೊತ್ತ ಸಂಸ್ಥಾನಗಳಿಗೆ ಬೇಕಾಗಿದ್ದದ್ದೂ ಅದೇ.

ಪೆರಿ ಬರುವುದಕ್ಕೂ ಏಳು ವರ್ಷ ಮೊದಲು, 1846ರಲ್ಲಿ, ಬಿಡಲ್ ಎಂಬ ಇನ್ನೊಬ್ಬ ಅಮೆರಿಕನ್ ಕಮೊಡೋರ್ ಅಲ್ಲಿಗೇ ಬಂದಿದ್ದ. ಅವನ 'ಕೊಲಂಬಸ್' 74 ಫಿರಂಗಿಗಳ ದರ್ಜೆಯದು. ಪುಣ್ಯಾತ್ಮ, ಜಪಾನೀಯರನ್ನು ಹಡಗಿನ ಮೇಲೆ ಹತ್ತಲು ಬಿಟ್ಟ. ಅವರು ಎಲ್ಲ ಕಡೆ ಓಡಾಡಿ ನೋಡಿಕೊಂಡರು. ಆಮೇಲೆ 'ವ್ಯಾಪಾರ ಬೇಡ, ಹೊರಡಿ' ಅಂದರು. ಗಾಳಿ ಇರಲಿಲ್ಲವಾದ್ದರಿಂದ ತಮ್ಮ ದೋಣಿಗಳಿಂದಲೇ ಎಳೆದು ಹೊರಗೆ ಬಿಟ್ಟುಬಂದರು! ಆ ಕೊಲಂಬಸ್ಸಿನದೂ ಜಪಾನಿ ಚಿತ್ರಗಳಿವೆ. ಪೆರಿ ಇದರಿಂದ ಪಾಠ ಕಲಿತಿದ್ದ. ಕಾವಲು ದೋಣಿಗಳನ್ನು ಹತ್ತಿರ ಸೇರಿಸಲಿಲ್ಲ. ಆದರೂ 1854ರಲ್ಲಿ ಮಾತುಕತೆಗೆಂದು ಬಂದಾಗ ಅವನ ಕಡೆಯವರೇ ಬರೆದುಕೊಂಡಿದ್ದಾರೆ: ಈ ಜನ ಉಡುಪಿನ ಮಡಿಕೆಯಿಂದ ಕಾಗದ ತೆಗೆಯುತ್ತಾರೆ, ಕುಂಚ ತೆಗೆಯುತ್ತಾರೆ, ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತಾರೆ.

ಪೆರಿಯ ಜೊತೆ ಹೈನೆ ಎಂಬ ಚಿತ್ರಕಾರನೂ ಇದ್ದ. ಅವನ ಚಿತ್ರಗಳು ಚೆನ್ನಾಗಿವೆ. ಬೆಟ್ಟ, ಮೋಡ, ಬೆಳಕು ಎಲ್ಲ ಇದೆ. ಜಪಾನಿನವರ ಹಡಗುಗಳು ಚಪ್ಪಟೆ, ದೂರ-ಹತ್ತಿರದ ಲೆಕ್ಕ ತಪ್ಪಿದೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಇರಲಿ ಬಿಡಿ. ಹೈನೆ ನೋಡುವವರಿಗೆ ಬರೆದ, ಇವರು ಮಾಡುವವರಿಗೆ ಬರೆದರು ಅಂತ ನನ್ನ ಅನಿಸಿಕೆ. ನೀರು ತಳ್ಳಿ ಹಡಗು ಓಡಿಸುವ ಚಕ್ರ ಎಲ್ಲಿದೆ, ಹೊಗೆ ಕೊಳವೆ ಎಲ್ಲಿಂದ ಏಳುತ್ತದೆ, ಹಗ್ಗ ಎಲ್ಲಿಗೆ ಬಿಗಿದಿದೆ, ಅದು ಅವರಿಗೆ ಮುಖ್ಯ.

ದೊಡ್ಡ ಹಡಗು ಕಟ್ಟಬಾರದು ಅನ್ನುವ 1635ರ ಕಟ್ಟಳೆಯನ್ನು ಸರ್ಕಾರ ತೆಗೆದುಹಾಕಿದ್ದು ಪೆರಿ ಬಂದು ಹೋದ ಕೆಲವೇ ತಿಂಗಳಲ್ಲಿ. ಉವಾಜಿಮಾ ಎಂಬ ಸಣ್ಣ ಸಂಸ್ಥಾನದ ದೊರೆ ಉಗಿಯಂತ್ರ ಮಾಡುವ ಕೆಲಸಕ್ಕೆ ಹಚ್ಚಿದ್ದು ಯಾರನ್ನು ಗೊತ್ತಾ? ಲಾಂದ್ರ ರಿಪೇರಿ ಮಾಡಿ ಬದುಕುತ್ತಿದ್ದ ಒಬ್ಬ ಬಡ ಕಸುಬುದಾರನನ್ನು. 1859ರಲ್ಲಿ ಅವನ ಯಂತ್ರ ಕೂರಿಸಿದ ಹಡಗು ನೀರಿಗಿಳಿಯಿತು. ಓಡಿತು ಕೂಡ.